ಬೋಟಾಕ್ಸ್ ಬೇಗ ಇಳಿಯಿತೇ? ಮೊದಲು ದಿನ ಎಣಿಸಿ

ಸುಕ್ಕಿಗೆ ಬೋಟಾಕ್ಸ್ ಇಂಜೆಕ್ಷನ್ ಹಾಕಿಸಿಕೊಂಡವರ ಬಾಯಲ್ಲಿ ಒಂದು ದೂರು ಬಂದೇ ಬರುತ್ತದೆ: "ಎರಡೇ ತಿಂಗಳಿಗೆ ಇಳಿದುಹೋಯಿತು." ನಾನೂ ಹೀಗೇ ದೂರಿದ್ದೇನೆ. ಮೂರನೇ ಸಲ ಹಾಕಿಸಿಕೊಂಡ ಮೇಲಂತೂ ಔಷಧಿಯೇ ಸರಿಯಿಲ್ಲ ಎಂದು ನಂಬಿಬಿಟ್ಟಿದ್ದೆ. ಡಾಕ್ಟರ ಹತ್ತಿರ ಕೇಳಲು ಹೋಗುವ ಮುಂಚೆ ಫೋನಿನಲ್ಲಿದ್ದ ಫೋಟೋಗಳ ತಾರೀಕು ನೋಡಿದೆ. ನಾನು ಎರಡು ತಿಂಗಳು ಅಂದುಕೊಂಡಿದ್ದು 14 ವಾರ ಆಗಿತ್ತು. ಔಷಧಿ ತನ್ನ ಪಾಲಿನ ಕೆಲಸ ಮುಗಿಸಿತ್ತು.

ಆದರೆ ಅದಕ್ಕೂ ಹಿಂದಿನ ಸಲ ನಿಜವಾಗಿಯೂ ಬೇಗ ಇಳಿದಿತ್ತು. ಅದಕ್ಕೆ ಬೇರೆಯೇ ಕಾರಣ ಇತ್ತು, ಮುಂದೆ ಹೇಳುತ್ತೇನೆ. ಒಂದೇ ದೂರಿನ ಹಿಂದೆ ನಾಲ್ಕೈದು ಬೇರೆ ಬೇರೆ ಕಾರಣ ಇರಬಹುದು. ಇಳಿಯುವುದು ಈ ಔಷಧಿಯ ಸ್ವಭಾವ. ಯಾವ ದಿನ ಇಳಿಯಿತು, ಮುಖದ ಯಾವ ಜಾಗದಲ್ಲಿ ಇಳಿಯಿತು ಎಂಬುದರಲ್ಲಿ ದೋಷದ ಸುಳಿವು ಸಿಗುತ್ತದೆ. ಈ ಬರಹ ಆ ಸುಳಿವಿನ ಹಿಂದೆ ಹೋಗುತ್ತದೆ. ನಾನು ಡಾಕ್ಟರ್ ಅಲ್ಲ, ಹಾಕಿಸಿಕೊಳ್ಳುವವಳು. ಡೋಸ್ ಎಷ್ಟು ಎಂದು ತೀರ್ಮಾನ ಮಾಡುವುದು ನಿಮ್ಮ ಡಾಕ್ಟರ ಕೆಲಸ. ಅವರ ಮುಂದೆ ಸರಿಯಾದ ಮಾಹಿತಿ ಇಡುವುದು ನಮ್ಮ ಕೆಲಸ.

ಎಲ್ಲ ಸರಿಯಾಗಿದ್ದಾಗ ಒಳಗೆ ಏನಾಗುತ್ತದೆ

ಹುಬ್ಬು ಗಂಟಿಕ್ಕಬೇಕು ಅಂದರೆ ನರದಿಂದ ಸ್ನಾಯುವಿಗೆ ಸಂದೇಶ ಹೋಗಬೇಕು. ಆ ಸಂದೇಶ ಹೊರುವ ರಾಸಾಯನಿಕದ ಹೆಸರು ಅಸಿಟೈಲ್‌ಕೋಲಿನ್. ಅದು ನರದ ತುದಿಯಲ್ಲಿ ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿರುತ್ತದೆ. ಚೀಲ ನರದ ಗೋಡೆಗೆ ಅಂಟಿಕೊಂಡು ಬಾಯಿ ಬಿಟ್ಟರೆ ಮಾತ್ರ ಅದು ಹೊರಗೆ ಬರುತ್ತದೆ. ಹೀಗೆ ಅಂಟಿಕೊಳ್ಳಲು ಬೇಕಾದ ಪ್ರೋಟೀನುಗಳಲ್ಲಿ ಒಂದು ಸ್ನ್ಯಾಪ್-25. ಬೋಟಾಕ್ಸ್‌ನಲ್ಲಿರುವ ಔಷಧಿ, ಅಂದರೆ ಬೋಟುಲಿನಮ್ ಟಾಕ್ಸಿನ್ 'ಎ', ಈ ಸ್ನ್ಯಾಪ್-25 ಅನ್ನು ಕತ್ತರಿಸುತ್ತದೆ. ಚೀಲ ತುಂಬಿದ್ದರೂ ಬಾಯಿ ಬಿಡುವುದಿಲ್ಲ. ಸ್ನಾಯುವಿಗೆ ಏಟು ಬಿದ್ದಿರುವುದಿಲ್ಲ. ಅದಕ್ಕೆ ಅಪ್ಪಣೆ ತಲುಪುತ್ತಿಲ್ಲ, ಹಾಗಾಗಿ ಸುಮ್ಮನಿರುತ್ತದೆ.

ಇಳಿಯುವುದರ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಔಷಧಿ ಚರ್ಮದ ಕೆಳಗೆ ಕೂತಿರುತ್ತದೆ, ನಿಧಾನವಾಗಿ ಕರಗುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಚರ್ಮದ ಕೆಳಗೆ ತುಂಬುವ ಹೈಲುರಾನಿಕ್ ಆಸಿಡ್ ಫಿಲ್ಲರ್ ಹಾಗೆ ಕರಗುತ್ತದೆ, ನಿಜ. ಇದರ ದಾರಿ ಬೇರೆ. ಸೂಜಿ ಹಾಕಿದ ಕೆಲವೇ ಗಂಟೆಗಳಲ್ಲಿ ಟಾಕ್ಸಿನ್ ನರದ ತುದಿಯ ಒಳಗೆ ಸೇರಿಕೊಳ್ಳುತ್ತದೆ. ಅದರ ಕತ್ತರಿಸುವ ತುಂಡು ಅಲ್ಲೇ ಉಳಿದು ತಿಂಗಳುಗಟ್ಟಲೆ ಕೆಲಸ ಮಾಡುತ್ತದೆ. ಹೊಸ ಸ್ನ್ಯಾಪ್-25 ತಯಾರಾದ ಹಾಗೆಲ್ಲ ಅದನ್ನೂ ಕತ್ತರಿಸುತ್ತಾ ಹೋಗುತ್ತದೆ.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ವಿಷಯ ಇದೆ. ಬೋಟುಲಿನಮ್ ಟಾಕ್ಸಿನ್‌ನ 'ಇ' ಬಗೆ ಕೂಡ ಇದೇ ಸ್ನ್ಯಾಪ್-25 ಅನ್ನೇ ಕತ್ತರಿಸುತ್ತದೆ. ಆದರೂ ಅದರ ಪರಿಣಾಮ ಕೆಲವೇ ವಾರಕ್ಕೆ ಮುಗಿಯುತ್ತದೆ. 'ಎ' ಬಗೆಯ ಕತ್ತರಿಯನ್ನು ನರಕೋಶ ಬೇಗ ಹೊರಹಾಕಲಾರದು. 'ಇ' ಬಗೆಯದನ್ನು ಬೇಗನೆ ಒಡೆದು ಹಾಕುತ್ತದೆ. ಅಂದರೆ ಎಷ್ಟು ದಿನ ಉಳಿಯುತ್ತದೆ ಅನ್ನುವುದು ಬಹುಪಾಲು ನರದ ಒಳಗೇ ನಿರ್ಧಾರ ಆಗುತ್ತದೆ. ನೀವು ಮುಖ ಎಷ್ಟು ಸಲ ತೊಳೆದಿರಿ ಎಂಬುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಈ ನಡುವೆ ನರವೂ ಸುಮ್ಮನೆ ಕೂತಿರುವುದಿಲ್ಲ. 1999ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಅಧ್ಯಯನದಲ್ಲಿ ಇದು ಚೆನ್ನಾಗಿ ಕಂಡುಬಂತು. ಮುಚ್ಚಿಹೋದ ನರತುದಿಯ ಪಕ್ಕದಲ್ಲಿ ಹೊಸ ಚಿಗುರು ಹೊರಟಿತು. ಸುಮಾರು ನಾಲ್ಕು ವಾರದ ಹೊತ್ತಿಗೆ ಸ್ನಾಯುವಿಗೆ ಸಂದೇಶ ಹೋಗುತ್ತಿದ್ದದ್ದು ಆ ಚಿಗುರುಗಳಿಂದ. ಸುಮಾರು ಮೂರು ತಿಂಗಳ ಹೊತ್ತಿಗೆ ಹಳೆಯ ತುದಿಯೇ ಚೇತರಿಸಿಕೊಂಡಿತು, ಚಿಗುರುಗಳು ಹಿಂದೆ ಸರಿದವು. ಮುರಿದ ಕೊಂಬೆಯ ಪಕ್ಕ ಚಿಗುರು ಬಂದು, ಕೊಂಬೆ ಚೇತರಿಸಿಕೊಂಡ ಮೇಲೆ ಆ ಚಿಗುರು ಉದುರಿದ ಹಾಗೆ. ನನಗೆ ಇದು ನಿಜಕ್ಕೂ ಸಮಾಧಾನದ ವಿಷಯ. ಚೆನ್ನಾಗಿ ಬಂದದ್ದು ಇಳಿಯುತ್ತದೆ ಅಂದರೆ, ಕೆಟ್ಟದಾಗಿ ಬಂದದ್ದೂ ಇಳಿಯುತ್ತದೆ.

ಸಾಮಾನ್ಯ ಲೆಕ್ಕ ಹೀಗಿದೆ. 2–3 ದಿನಕ್ಕೆ ಪರಿಣಾಮ ಶುರು. 2 ವಾರಕ್ಕೆ ಪೂರ್ತಿ. 3–4 ತಿಂಗಳು ಆಯಸ್ಸು. ಅದು ಮುಗಿಯುವ ದಿನ ದೀಪ ಆರಿದ ಹಾಗೆ ಒಮ್ಮೆಲೇ ಹೋಗುವುದಿಲ್ಲ. ಮೊದಲು ಸ್ವಲ್ಪ ಚಲನೆ ಮರಳುತ್ತದೆ. ಗೆರೆ ಆಮೇಲೆ ಬರುತ್ತದೆ. 2022ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡ್ಯಾಕ್ಸಿಫೈ ಎಂಬ ಬ್ರಾಂಡು ಮಾತ್ರ ಸುಮಾರು ಆರು ತಿಂಗಳು ಉಳಿಯುವಂಥದ್ದು. ನಿಮ್ಮ ಗೆಳತಿಗೆ ಆರು ತಿಂಗಳು ಬಂತು, ನಿಮಗೆ ಮೂರೂವರೆ ತಿಂಗಳು ಬಂತು ಅಂದರೆ, ಮೊದಲು ಇಬ್ಬರೂ ಹಾಕಿಸಿಕೊಂಡ ಔಷಧಿಯ ಹೆಸರು ಕೇಳಿ.

ಪರೀಕ್ಷೆಗೆ ಮುಂಚೆ

ಕನ್ನಡಿಯನ್ನು ನಂಬಬೇಡಿ. ದಿನಾ ನೋಡುವ ಮುಖದಲ್ಲಿ ಬದಲಾವಣೆ ಗೊತ್ತಾಗುವುದಿಲ್ಲ. ಇಂಜೆಕ್ಷನ್ ಹಾಕಿಸಿಕೊಳ್ಳುವ ದಿನ, ಸೂಜಿ ತಾಗುವ ಮುಂಚೆ, ಒಂದೇ ಕಿಟಕಿಯ ಬೆಳಕಿನಲ್ಲಿ ನಾಲ್ಕು ಫೋಟೋ ತೆಗೆಯಿರಿ: ಮುಖ ಸಡಿಲ ಬಿಟ್ಟು, ಹುಬ್ಬು ಗಂಟಿಕ್ಕಿ, ಹುಬ್ಬು ಮೇಲೆತ್ತಿ, ಜೋರಾಗಿ ನಕ್ಕು. 14ನೇ ದಿನ ಮತ್ತೆ ತೆಗೆಯಿರಿ. ಆಮೇಲೆ ತಿಂಗಳಿಗೊಮ್ಮೆ ಸಾಕು. ಹುಬ್ಬು ಆಡಿಸುವ ಹತ್ತು ಸೆಕೆಂಡಿನ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ನಾವು ಹುಡುಕಬೇಕಾದದ್ದು ಚಲನೆಯನ್ನು.

ಮುಂದಿನದ್ದೆಲ್ಲ ನಿಂತಿರುವುದು ಇದರ ಮೇಲೆಯೇ. ಗೆರೆ ಕಾಣುತ್ತಿದೆಯೇ, ಅಥವಾ ಸ್ನಾಯು ಆಡುತ್ತಿದೆಯೇ? ಎರಡೂ ಬೇರೆ ಬೇರೆ ದೂರು.

ಗೆರೆ ಇದೆ, ಆದರೆ ಸ್ನಾಯು ಆಡುತ್ತಿಲ್ಲ

ಹುಬ್ಬು ಗಂಟಿಕ್ಕಲು ಪ್ರಯತ್ನಿಸಿ. ಆಗುತ್ತಿಲ್ಲ, ಆದರೂ ಎರಡು ಹುಬ್ಬಿನ ನಡುವೆ ಗೆರೆ ಕೂತಿದೆ. ಹಾಗಿದ್ದರೆ ಇಂಜೆಕ್ಷನ್ ಇಳಿದಿಲ್ಲ. ಅದು ಕೆಲಸ ಮಾಡುತ್ತಲೇ ಇದೆ. ಆ ಗೆರೆ ವರ್ಷಗಳಿಂದ ಮಡಿಸಿ ಮಡಿಸಿ ಚರ್ಮದಲ್ಲೇ ಮೂಡಿದ್ದು. ಹಳೆಯ ಕಾಗದವನ್ನು ಬಿಡಿಸಿಟ್ಟರೂ ಮಡಿಕೆಯ ಗುರುತು ಉಳಿಯುತ್ತದೆ ಅಲ್ವಾ? ಇದೂ ಹಾಗೆಯೇ. ಎರಡು ಬೆರಳಿನಿಂದ ಚರ್ಮ ಮೆಲ್ಲಗೆ ಎಳೆದು ನೋಡಿ. ಆಗಲೂ ಗೆರೆ ಕಂಡರೆ ಅನುಮಾನ ಬೇಡ.

ಇದಕ್ಕೆ ಡೋಸ್ ಜಾಸ್ತಿ ಮಾಡಿ ಪ್ರಯೋಜನ ಇಲ್ಲ. ನಿಂತ ಸ್ನಾಯುವನ್ನು ಇನ್ನಷ್ಟು ನಿಲ್ಲಿಸಲು ಆಗುವುದಿಲ್ಲ. ಚರ್ಮಕ್ಕೆ ಬಿಡುವು ಸಿಕ್ಕ ಹಾಗೆ, ಕೆಲವು ಸುತ್ತು ಇಂಜೆಕ್ಷನ್ ಆದ ಮೇಲೆ, ಗೆರೆ ಸ್ವಲ್ಪ ತೆಳುವಾಗಬಹುದು. ಸನ್‌ಸ್ಕ್ರೀನ್ ತಪ್ಪಿಸಬೇಡಿ. ರೆಟಿನಾಯ್ಡ್ ಕ್ರೀಮ್ ಅಥವಾ ಲೇಸರ್ ಬಗ್ಗೆ ಡಾಕ್ಟರನ್ನು ಕೇಳಬಹುದು. ಆದರೆ "ಅಲ್ಲಿಗೆ ಒಂಚೂರು ಫಿಲ್ಲರ್ ಹಾಕಿಬಿಡೋಣ" ಎಂದು ಯಾರಾದರೂ ಹಗುರವಾಗಿ ಹೇಳಿದರೆ ದಯವಿಟ್ಟು ನಿಂತು ಯೋಚಿಸಿ. ಹುಬ್ಬಿನ ನಡುವಿನ ಜಾಗ ಫಿಲ್ಲರ್‌ಗೆ ಅತಿ ಅಪಾಯದ ಜಾಗಗಳಲ್ಲಿ ಒಂದು. ಫಿಲ್ಲರ್ ಅಲ್ಲಿನ ರಕ್ತನಾಳಕ್ಕೆ ಹೊಕ್ಕರೆ ಕಣ್ಣಿನ ದೃಷ್ಟಿಯೇ ಹೋಗಬಹುದು.

14 ದಿನ ಆದರೂ ಏನೂ ಆಗಲಿಲ್ಲ

ಐದನೇ ದಿನ ಗಾಬರಿ ಬೀಳಬೇಡಿ, 14 ದಿನ ಕಾಯಿರಿ. ಅಷ್ಟಾದ ಮೇಲೂ ಹುಬ್ಬು ಮೊದಲಿನ ಹಾಗೇ ಆಡುತ್ತಿದ್ದರೆ ಅದನ್ನು ಇಳಿದದ್ದು ಅನ್ನಲು ಆಗುವುದಿಲ್ಲ. ಅದು ಏರಲೇ ಇಲ್ಲ.

ಕ್ಲಿನಿಕ್ಕಿನಲ್ಲಿ ಮೂರು ವಿಷಯ ಕೇಳಿ: ಯಾವ ಬ್ರಾಂಡು, ಒಟ್ಟು ಎಷ್ಟು ಯೂನಿಟ್, ಪುಡಿಯಾಗಿ ಬರುವ ಔಷಧಿಗೆ ಸಲೈನ್ (ಉಪ್ಪುನೀರಿನ ದ್ರಾವಣ) ಬೆರೆಸಿದ್ದು ಯಾವಾಗ. ಯೂನಿಟ್ ಬಗ್ಗೆ ಎಚ್ಚರ ಬೇಕು. ಒಂದು ಬ್ರಾಂಡಿನ ಯೂನಿಟ್ ಇನ್ನೊಂದು ಬ್ರಾಂಡಿನ ಯೂನಿಟ್‌ಗೆ ಸಮ ಅಲ್ಲ. ಹುಬ್ಬಿನ ನಡುವಿನ ಗೆರೆಗೆ ಕಂಪನಿಗಳೇ ಹೇಳಿರುವ ಡೋಸ್ ಬೋಟಾಕ್ಸ್ ಆದರೆ 20 ಯೂನಿಟ್, ಡಿಸ್‌ಪೋರ್ಟ್ ಆದರೆ 50. "ಹೋದ ಸಲ 50 ಹಾಕಿದ್ದರು, ಈ ಸಲ 20 ಹಾಕಿ ಮೋಸ ಮಾಡಿದರು" ಎಂದು ಕೋಪ ಮಾಡಿಕೊಳ್ಳುವ ಮುಂಚೆ ಬ್ರಾಂಡಿನ ಹೆಸರು ನೋಡಿ. ಹಾಗೆಯೇ ಎಂಎಲ್ ಲೆಕ್ಕ ಒಪ್ಪಬೇಡಿ. ಸಲೈನ್ ಜಾಸ್ತಿ ಬೆರೆಸಿದರೆ ಸಿರಿಂಜು ತುಂಬಿದ ಹಾಗೆ ಕಾಣುತ್ತದೆ, ಯೂನಿಟ್ ಮಾತ್ರ ಅಷ್ಟೇ ಇರುತ್ತದೆ. ಎಣಿಸಬೇಕಾದದ್ದು ಯೂನಿಟ್.

ಬೋಟಾಕ್ಸ್ ವಯಲನ್ನು (ಔಷಧಿಯ ಪುಟ್ಟ ಬಾಟಲಿ) 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಸಲೈನ್ ಬೆರೆಸಿದ ಮೇಲೆ 24 ಗಂಟೆಯೊಳಗೆ ಬಳಸಿ ಎಂದು ಅದರ ಚೀಟಿ ಹೇಳುತ್ತದೆ. ಈ ಎರಡು ಕೇಳಲು ಸಂಕೋಚ ಬೇಡ. ಒಳ್ಳೆಯ ಕ್ಲಿನಿಕ್ಕಿನವರು ವಯಲನ್ನು ನಿಮ್ಮ ಮುಂದೆಯೇ ತೋರಿಸುತ್ತಾರೆ. ನಕಲಿ ಮಾಲಿನ ಭಯವೂ ಬರೀ ಮಾತಲ್ಲ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ನಕಲಿ ಬೋಟಾಕ್ಸ್ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಅಲ್ಲಿ ಜನ ಆಸ್ಪತ್ರೆ ಸೇರಿದ್ದರು. ಯಾರದ್ದೋ ಮನೆಯಲ್ಲಿ, ಡಾಕ್ಟರ್ ಅಲ್ಲದವರ ಕೈಯಲ್ಲಿ, ಅಗ್ಗಕ್ಕೆ ಸಿಗುತ್ತದೆ ಎಂದು ಹಾಕಿಸಿಕೊಳ್ಳಬೇಡಿ. ಅಲ್ಲಿ ಇಂಜೆಕ್ಷನ್ ಕೆಲಸ ಮಾಡದೇ ಹೋಗುವುದೇ ಎಲ್ಲಕ್ಕಿಂತ ಚಿಕ್ಕ ನಷ್ಟ.

14ನೇ ದಿನ ಚೆನ್ನಾಗಿತ್ತು, ಎಂಟನೇ ವಾರಕ್ಕೆ ಹೋಯಿತು

ನನ್ನ ಎರಡನೇ ಸಲದ ಕಥೆ ಇದೇ. ಮೊದಲ ಸಲ ಹಣೆ ಪೂರ್ತಿ ನಿಂತುಹೋಗಿತ್ತು. ಮನೆಯವರು "ಮುಖದಲ್ಲಿ ಭಾವನೆಯೇ ಕಾಣಲ್ಲ" ಅಂದರು. ಬೇಜಾರಾಗಿ ಎರಡನೇ ಸಲ "ಸ್ವಲ್ಪವೇ ಹಾಕಿ" ಎಂದು ನಾನೇ ಕೇಳಿಕೊಂಡೆ. ಎರಡು ವಾರಕ್ಕೆ ಬಹಳ ಚೆನ್ನಾಗಿ ಕಂಡಿತು. ಎಂಟನೇ ವಾರಕ್ಕೆ ಹುಬ್ಬು ಮತ್ತೆ ಗಂಟಾಗತೊಡಗಿತು.

ಬೇಗ ಇಳಿಯುವುದಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಕಡಿಮೆ ಡೋಸ್. ಕಡಿಮೆ ಯೂನಿಟ್ ಹಾಕಿದರೆ ಒಂದಷ್ಟು ನರತುದಿಗಳು ಮುಚ್ಚುವುದೇ ಇಲ್ಲ. ಮುಚ್ಚಿದವು ಸ್ವಲ್ಪ ಚೇತರಿಸಿಕೊಂಡರೂ ಸಾಕು, ಸ್ನಾಯು ಮೇಲೇಳುತ್ತದೆ. ಈಗ 'ಬೇಬಿ ಬೋಟಾಕ್ಸ್' ಎಂದು ಸಣ್ಣ ಡೋಸ್ ಹಾಕಿಸಿಕೊಳ್ಳುವವರು ಜಾಸ್ತಿ. ಅದು ತಪ್ಪಲ್ಲ, ಮುಖ ಸಹಜವಾಗಿ ಕಾಣುತ್ತದೆ. ಅದರ ಆಯಸ್ಸು ಕಡಿಮೆ ಎಂದು ಮೊದಲೇ ಹೇಳಬೇಕು, ಅಷ್ಟೇ. ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಸ್ನಾಯು ದಪ್ಪ ಇದ್ದವರಿಗೂ ಇದೇ ತೊಂದರೆ. ಗಂಡಸರ ಹುಬ್ಬಿನ ಸ್ನಾಯು ಸಾಮಾನ್ಯವಾಗಿ ದೊಡ್ಡದು, ಅವರಿಗೆ ಹೆಚ್ಚು ಯೂನಿಟ್ ಬೇಕಾಗುತ್ತದೆ. ಹೆಂಡತಿಗೆ ಹಾಕಿದಷ್ಟೇ ಗಂಡನಿಗೂ ಹಾಕಿದರೆ ಅವನಿಗೆ ಬೇಗ ಇಳಿಯುವುದರಲ್ಲಿ ಆಶ್ಚರ್ಯ ಇಲ್ಲ.

ಹಾಗಾದರೆ ಜಾಸ್ತಿ ಹಾಕಿಸಿಕೊಂಡರೆ ಆಯಿತಲ್ಲ? ಹುಬ್ಬಿನ ನಡುವೆ ಒಂದು ಮಿತಿಯವರೆಗೆ ಹೌದು. ಹಣೆಯಲ್ಲಿ ಮಾತ್ರ ಹಾಗಲ್ಲ, ಇದು ಗೊತ್ತಿರಲೇಬೇಕು. ಹುಬ್ಬನ್ನು ಮೇಲೆತ್ತುವ ಸ್ನಾಯು ಮುಖದಲ್ಲಿ ಒಂದೇ, ಅದು ಹಣೆಯ ಸ್ನಾಯು. ಕೆಳಗೆ ಎಳೆಯುವ ಸ್ನಾಯುಗಳು ಹಲವು. ಎತ್ತುವುದನ್ನು ಪೂರ್ತಿ ನಿಲ್ಲಿಸಿದರೆ ಹುಬ್ಬು ಜಗ್ಗಿ ಕಣ್ಣಿನ ಮೇಲೆ ಭಾರ ಬೀಳುತ್ತದೆ. ವಯಸ್ಸಾದ ಹಾಗೆ ಕಣ್ಣಿನ ರೆಪ್ಪೆ ಸಡಿಲ ಆದವರು ತಮಗೇ ಗೊತ್ತಿಲ್ಲದೆ ದಿನವಿಡೀ ಹಣೆ ಎತ್ತಿ ಹಿಡಿದಿರುತ್ತಾರೆ. ಅವರಿಗಂತೂ ಇನ್ನೂ ಕಷ್ಟ. ಹಾಗಾಗಿ ಅನುಭವ ಇರುವ ಡಾಕ್ಟರು ಹಣೆಗೆ ಬೇಕೆಂದೇ ಕಡಿಮೆ ಹಾಕುತ್ತಾರೆ, ಹುಬ್ಬಿನ ತೀರಾ ಹತ್ತಿರ ಸೂಜಿ ಒಯ್ಯುವುದಿಲ್ಲ. ನಿಮ್ಮ ಹುಬ್ಬಿನ ನಡುವಿನ ಜಾಗ ಇನ್ನೂ ನಿಂತಿದ್ದು ಹಣೆ ಮಾತ್ರ ಮೊದಲು ಆಡಲು ಶುರು ಮಾಡಿದರೆ, ಅದು ಬಹುಶಃ ನಿಮ್ಮ ಡಾಕ್ಟರ ಎಚ್ಚರಿಕೆಯ ಫಲ. ಅದನ್ನು ದೋಷ ಎಂದು ಬರೆದುಕೊಳ್ಳಬೇಡಿ.

ಒಂದು ಕಡೆ ಮಾತ್ರ ಇಳಿದ ಹಾಗಿದೆ

ಒಂದು ಹುಬ್ಬಿನ ಹೊರತುದಿ ಮೇಲಕ್ಕೆ ಹಾರಿದೆ. ಅಥವಾ ಎಡಗಡೆ ನಿಂತಿದೆ, ಬಲಗಡೆ ಆಡುತ್ತಿದೆ. ಎರಡನೇ ವಾರದ ಫೋಟೋ ನೋಡಿ. ಆಗಲೇ ಹಾಗಿದ್ದರೆ ಔಷಧಿ ಆ ಭಾಗಕ್ಕೆ ಸರಿಯಾಗಿ ತಲುಪಿಲ್ಲ. ನಡುವಿನ ಹಣೆ ನಿಂತು ಅಂಚು ಮಾತ್ರ ಬಿಟ್ಟುಹೋದರೆ, ಆ ಅಂಚು ಹುಬ್ಬಿನ ತುದಿಯನ್ನು ಮೇಲೆ ಎಳೆಯುತ್ತದೆ. ಸರಿಯಾದ ಜಾಗಕ್ಕೆ ಒಂದೆರಡು ಯೂನಿಟ್ ಬಿದ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನಮ್ಮೆಲ್ಲರ ಮುಖದಲ್ಲೂ ಎಡ ಬಲ ಒಂದೇ ಸಮ ಇರುವುದಿಲ್ಲ, ಹಳೆಯ ಫೋಟೋದಲ್ಲಿ ಅದನ್ನೂ ನೋಡಿಕೊಳ್ಳಿ.

ಹುಬ್ಬಿನ ನಡುವೆ ನಿಂತಿದೆ, ಆದರೆ ಮೂಗಿನ ಬದಿಯಲ್ಲಿ ಹೊಸ ಗೆರೆ ಬಂದಿದೆ ಎಂದು ಕೆಲವರು ಹೇಳುತ್ತಾರೆ. ಮುಖ ಸಿಂಡರಿಸುವ ಅಭ್ಯಾಸ ಹೋಗಿಲ್ಲ, ಹಾಗಾಗಿ ಪಕ್ಕದ ಸ್ನಾಯು ಆ ಕೆಲಸ ಮಾಡುತ್ತಿದೆ.

ಪ್ರತಿ ಸಲ ಇನ್ನೂ ಬೇಗ ಇಳಿಯುತ್ತಿದೆ

ಎಲ್ಲರೂ ಹೆದರುವುದು ಇದಕ್ಕೇ. "ದೇಹ ಒಗ್ಗಿಹೋಯಿತು, ಇನ್ನು ಕೆಲಸ ಮಾಡಲ್ಲ" ಎಂಬ ಭಯ. ದೇಹ ಇದಕ್ಕೆ ಪ್ರತಿಕಾಯ, ಅಂದರೆ ಔಷಧಿಯನ್ನು ತಡೆಯುವ ಪ್ರೋಟೀನು, ಬೆಳೆಸಿಕೊಳ್ಳುವುದು ಸಾಧ್ಯ. ಆದರೆ ಸುಕ್ಕಿಗೆ ಹಾಕುವ ಸಣ್ಣ ಡೋಸಿನಲ್ಲಿ ಅದು ಬಹಳ ಅಪರೂಪ. ಮೊದಮೊದಲ ಬೋಟಾಕ್ಸ್‌ನಲ್ಲಿ 100 ಯೂನಿಟ್‌ಗೆ ಸುಮಾರು 25 ನ್ಯಾನೋಗ್ರಾಂ ಪ್ರೋಟೀನ್ ಇರುತ್ತಿತ್ತು. 1997ರಲ್ಲಿ ಬಂದ ಹೊಸ ತಯಾರಿಕೆಯಲ್ಲಿ ಅದು ಸುಮಾರು 5 ನ್ಯಾನೋಗ್ರಾಂಗೆ ಇಳಿಯಿತು. ಅಲ್ಲಿಂದ ಈ ತೊಂದರೆ ಬಹಳ ಕಡಿಮೆ ಆಯಿತು. ಕ್ಸಿಯೋಮಿನ್ ಎಂಬ ಇನ್ನೊಂದು ಬ್ರಾಂಡಿನಲ್ಲಿ ಟಾಕ್ಸಿನ್ ಸುತ್ತ ಇರುವ ಹೆಚ್ಚುವರಿ ಪ್ರೋಟೀನುಗಳನ್ನು ತೆಗೆದೇ ಹಾಕಿದ್ದಾರೆ.

ಹಾಗಾಗಿ ಪ್ರತಿಕಾಯದ ಮೇಲೆ ಅನುಮಾನ ಕೊನೆಗೆ ಪಡಿ. ಮೊದಲು ಪ್ರತಿ ಸಲದ ವಿವರ ಬರೆದಿಟ್ಟ ಕಾರ್ಡು (ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ) ತೆಗೆದು ನೋಡಿ. ಡೋಸ್ ಕಡಿಮೆ ಆಗಿದೆಯೇ? ಬ್ರಾಂಡು ಬದಲಾಗಿದೆಯೇ? ಹಾಕಿದ ಕೈ ಬದಲಾಗಿದೆಯೇ? ಇನ್ನೊಂದು ಕಾರಣ ನಮ್ಮ ನೆನಪು. ಮೊದಲ ಸಲ ಆಳವಾದ ಗೆರೆಯಿಂದ ನಯವಾದ ಹಣೆಗೆ ಬಂದಿದ್ದೆವು, ಆ ಬದಲಾವಣೆ ದೊಡ್ಡದಾಗಿ ಕಂಡಿತು. ಈಗ ನಯವಾದ ಹಣೆಯೇ ನಮಗೆ ರೂಢಿ. ಸಣ್ಣ ಚಲನೆ ಮರಳಿದರೂ "ಎಲ್ಲ ಹೋಯಿತು" ಅನ್ನಿಸುತ್ತದೆ. ನನ್ನ 14 ವಾರ ಎರಡು ತಿಂಗಳಾಗಿದ್ದು ಹೀಗೆಯೇ.

ಇದನ್ನೆಲ್ಲ ನೋಡಿದ ಮೇಲೂ, ಸರಿಯಾದ ಡೋಸ್ ಹಾಕಿದರೂ, ಏನೂ ಆಗುತ್ತಿಲ್ಲ ಅಂದರೆ ಡಾಕ್ಟರು ಒಂದು ಸರಳ ಪರೀಕ್ಷೆ ಮಾಡಬಹುದು. ಒಂದೇ ಬದಿಯ ಹುಬ್ಬಿನ ಸ್ನಾಯುವಿಗೆ ಗೊತ್ತಾದ ಡೋಸ್ ಹಾಕಿ ಎರಡು ವಾರ ಬಿಟ್ಟು ನೋಡುತ್ತಾರೆ. ಆ ಬದಿ ನಿಂತು ಇನ್ನೊಂದು ಬದಿ ಗಂಟಿಕ್ಕಿದರೆ ನಿಮ್ಮ ದೇಹ ಔಷಧಿಗೆ ಸ್ಪಂದಿಸುತ್ತಿದೆ. ಎರಡೂ ಬದಿ ಒಂದೇ ಸಮ ಗಂಟಿಕ್ಕಿದರೆ ಪ್ರತಿಕಾಯದ ಅನುಮಾನಕ್ಕೆ ಬಲ ಬರುತ್ತದೆ. ಆಗ ಬೇರೆ ಪ್ರೋಟೀನ್ ಕತ್ತರಿಸುವ 'ಬಿ' ಬಗೆಯ ಟಾಕ್ಸಿನ್ ಬಗ್ಗೆ ಮಾತಾಡಬಹುದು, ಅಥವಾ ದೀರ್ಘ ಬಿಡುವು ಕೊಡಬಹುದು.

ನಮ್ಮ ಕೈಯಲ್ಲಿರುವ ಎಚ್ಚರಿಕೆ ಒಂದಿದೆ. ಚಿಕ್ಕ ಚಲನೆ ಕಂಡ ಕೂಡಲೇ ತಿಂಗಳು ತಿಂಗಳಿಗೂ ಟಚ್‌ಅಪ್‌ಗೆ ಓಡಬೇಡಿ. ಮೇಲಿಂದ ಮೇಲೆ ಹಾಕಿಸಿಕೊಂಡಷ್ಟೂ ಪ್ರತಿಕಾಯದ ಸಾಧ್ಯತೆ ಹೆಚ್ಚುತ್ತದೆ. ಎರಡನೇ ವಾರದಲ್ಲಿ ಡಾಕ್ಟರು ಒಮ್ಮೆ ಸಣ್ಣ ತಿದ್ದುಪಡಿ ಮಾಡುವುದು ಬೇರೆ ವಿಷಯ. ಪೂರ್ತಿ ಡೋಸಿನ ನಡುವೆ ಕನಿಷ್ಠ ಮೂರು ತಿಂಗಳು ಅಂತರ ಇರಲಿ.

ಸುಮ್ನೆ ದೂರುವ ಕಾರಣಗಳು

ವ್ಯಾಯಾಮ ಮಾಡಿದ್ದಕ್ಕೆ, ಬಿಸಿಲಿಗೆ ಹೋಗಿದ್ದಕ್ಕೆ, ಬಿಸಿನೀರಿನಲ್ಲಿ ಮುಖ ತೊಳೆದಿದ್ದಕ್ಕೆ ಬೇಗ ಇಳಿಯಿತು ಎಂದು ಹೇಳುವವರಿದ್ದಾರೆ. ಇವಕ್ಕೆ ಗಟ್ಟಿ ಆಧಾರ ಇಲ್ಲ. ಮೊದಲ ಕೆಲವು ಗಂಟೆ ಆ ಜಾಗ ಉಜ್ಜಬೇಡಿ ಅನ್ನುವುದು ಔಷಧಿ ಪಕ್ಕದ ಸ್ನಾಯುವಿಗೆ ಹರಡದಿರಲಿ ಎಂದು. ಅದಕ್ಕೂ ಆಯಸ್ಸಿಗೂ ಸಂಬಂಧ ಇಲ್ಲ. ಸತುವಿನ ಮಾತ್ರೆ ತಿಂದರೆ ಜಾಸ್ತಿ ದಿನ ಉಳಿಯುತ್ತದೆ ಎಂಬ ಮಾತು ಹುಟ್ಟಿದ್ದು, ಟಾಕ್ಸಿನ್‌ನ ಕತ್ತರಿಸುವ ಭಾಗಕ್ಕೆ ಸತು ಬೇಕು ಎಂಬ ಕಾರಣಕ್ಕೆ. ಅಷ್ಟಕ್ಕೇ ಮಾತ್ರೆ ಕೊಳ್ಳಬೇಡಿ.

ಇದು ಕಾಯುವ ವಿಷಯ ಅಲ್ಲ

ಇಂಜೆಕ್ಷನ್ ಆದ ಮೇಲೆ ನುಂಗಲು ಕಷ್ಟ, ಉಸಿರಾಡಲು ಕಷ್ಟ, ಮಾತು ತೊದಲುವುದು, ಎರಡೆರಡು ಕಾಣುವುದು, ಮೈಯೆಲ್ಲ ನಿಶ್ಶಕ್ತಿ ಇವುಗಳಲ್ಲಿ ಯಾವುದು ಬಂದರೂ ತಕ್ಷಣ ಆಸ್ಪತ್ರೆಗೆ ಹೋಗಿ. ಇದು ಗಂಟೆಗಳಲ್ಲೂ ಬರಬಹುದು, ವಾರಗಳ ಮೇಲೂ ಬರಬಹುದು. ಮಯಸ್ತೇನಿಯಾ ಗ್ರೇವಿಸ್‌ನಂಥ ನರ ಮತ್ತು ಸ್ನಾಯುವಿನ ಕಾಯಿಲೆ ಇದ್ದವರು, ಬಸುರಿಯರು, ಜೆಂಟಾಮೈಸಿನ್‌ನಂಥ ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಿರುವವರು ಹಾಕಿಸಿಕೊಳ್ಳುವ ಮುಂಚೆಯೇ ಡಾಕ್ಟರಿಗೆ ಹೇಳಬೇಕು. ಬರೀ ರೆಪ್ಪೆ ಜೋಲಿದ್ದರೆ ಅದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಆದರೂ ತೋರಿಸಿ. ಅಲ್ಲಿಯವರೆಗೆ ರೆಪ್ಪೆಯನ್ನು ಸ್ವಲ್ಪ ಎತ್ತುವ ಕಣ್ಣಿನ ಹನಿ ಇದೆ, ಡಾಕ್ಟರು ಬರೆದುಕೊಡಬಹುದು.

ಕೈಯಲ್ಲಿ ಒಂದು ಕಾರ್ಡು

ಇವತ್ತು ನನ್ನ ಪರ್ಸಿನಲ್ಲಿ ಒಂದು ಕಾರ್ಡು ಇರುತ್ತದೆ. ಪ್ರತಿ ಸಲದ ತಾರೀಕು, ಬ್ರಾಂಡು, ವಯಲಿನ ಬ್ಯಾಚ್ ನಂಬರು, ಹುಬ್ಬಿನ ನಡುವೆ ಎಷ್ಟು ಯೂನಿಟ್, ಹಣೆಗೆ ಎಷ್ಟು, ಕಣ್ಣಂಚಿಗೆ ಎಷ್ಟು ಎಂದು ಡಾಕ್ಟರೇ ಬರೆದುಕೊಡುತ್ತಾರೆ. ಅದರ ಕೆಳಗೆ ನಾನು ಎರಡೇ ದಿನ ಬರೆಯುತ್ತೇನೆ: ಮೊದಲ ಚಲನೆ ಕಂಡ ದಿನ, ಮುಖ ಸಡಿಲ ಬಿಟ್ಟಾಗಲೂ ಗೆರೆ ಕಂಡ ದಿನ. ಹೋದ ಸಲದ ಸಾಲಿನಲ್ಲಿ 74ನೇ ದಿನ ಮತ್ತು 109ನೇ ದಿನ ಎಂದಿದೆ. ನಮ್ಮ ಡಾಕ್ಟರು ಅದನ್ನು ನೋಡಿ ಹುಬ್ಬಿನ ನಡುವೆ ಮೊದಲಿನಷ್ಟೇ ಇರಲಿ ಅಂದರು. ಹಣೆಯ ಬಲ ಅಂಚಿಗೆ ಮಾತ್ರ ಒಂದು ಯೂನಿಟ್ ಸೇರಿಸಿದರು.